ಗಾಣದಿಂದ ಬಂದ ಕಬ್ಬಿಣ

ಪಿಎಚ್‌ಡಿಯ ಎರಡನೇ ವರ್ಷ, ಒಂದು ರಾತ್ರಿ ಹಾಸ್ಟೆಲ್‌ನಿಂದ ಊರಿಗೆ ಫೋನ್ ಮಾಡಿ, ಪ್ಲಾಟಿನಂನಷ್ಟೇ ಚೆನ್ನಾಗಿ ಕೆಲಸ ಮಾಡುವ ಅಗ್ಗದ ವಸ್ತು ಸಿಕ್ಕಿದೆ ಎಂದು ಹೇಳಿದ್ದೆ. ಅಪ್ಪನಿಗೆ ಅರ್ಥವಾದದ್ದು ‘ಅಗ್ಗ’ ಅನ್ನುವ ಒಂದು ಪದ. “ಒಳ್ಳೇದಾಯ್ತು ಕಣವ್ವ” ಅಂದರು. ಮೂರು ತಿಂಗಳಾದ ಮೇಲೆ ತಿಳಿಯಿತು: ನನ್ನ ಎಲೆಕ್ಟ್ರೋಡಿನ ಮೇಲೆ ಕೂತು ಪ್ಲಾಟಿನಂನಂತೆ ಕೆಲಸ ಮಾಡುತ್ತಿದ್ದದ್ದು ಪ್ಲಾಟಿನಮ್ಮೇ.

ಆದದ್ದಿಷ್ಟು. ನೀರನ್ನು ಕರೆಂಟಿನಿಂದ ಒಡೆಯಲು ನೆರವಾಗುವ ವಸ್ತುವನ್ನು, ಅಂದರೆ ಕ್ಯಾಟಲಿಸ್ಟನ್ನು, ಪರೀಕ್ಷಿಸುವಾಗ ದ್ರಾವಣದಲ್ಲಿ ಮೂರು ಎಲೆಕ್ಟ್ರೋಡ್ ಇಳಿಬಿಡುತ್ತೇವೆ. ಒಂದರ ಮೇಲೆ ನಮ್ಮ ವಸ್ತು, ಇನ್ನೊಂದು ಅಳತೆಗೆ ಆಧಾರವಾದ ರೆಫರೆನ್ಸ್, ಮೂರನೆಯದು ಸರ್ಕ್ಯೂಟ್ ಪೂರ್ತಿಮಾಡುವ ಕೌಂಟರ್. ಲ್ಯಾಬಿನಲ್ಲಿ ಎಲ್ಲರೂ ಕೌಂಟರ್‌ಗೆ ಪ್ಲಾಟಿನಂ ತಂತಿ ಹಾಕುತ್ತಿದ್ದರು, ನಾನೂ ಹಾಕಿದೆ. ನನ್ನ ವಸ್ತು ಮಾಲಿಬ್ಡಿನಂ ಸಲ್ಫೈಡ್, ದ್ರಾವಣ ಸಲ್ಫ್ಯೂರಿಕ್ ಆಮ್ಲ. ವೋಲ್ಟೇಜನ್ನು ಏರಿಸಿ ಇಳಿಸಿ ಸೈಕಲ್ ಮೇಲೆ ಸೈಕಲ್ ಓಡಿಸಿದಷ್ಟೂ ಹೈಡ್ರೋಜನ್ ಹೆಚ್ಚುತ್ತಿತ್ತು. ಅದಕ್ಕೆ ‘ಆ್ಯಕ್ಟಿವೇಶನ್’ ಎಂದು ಹೆಸರಿಟ್ಟು ಪೇಪರ್ ಬರೆದು ಕಳಿಸಿದೆ. ರಿವ್ಯೂವರ್ ಒಂದೇ ಸಾಲು ಬರೆದಿದ್ದರು: ಕೌಂಟರ್ ಯಾವುದು? ಆಮ್ಲದಲ್ಲಿ ಪ್ಲಾಟಿನಂ ತಂತಿ ಅಣುವಣುವಾಗಿ ಕರಗಿ, ದ್ರಾವಣದಲ್ಲಿ ತೇಲಿಬಂದು ನನ್ನ ಎಲೆಕ್ಟ್ರೋಡಿಗೆ ಅಂಟಿಕೊಳ್ಳುತ್ತಿತ್ತು. ತಂತಿ ತೆಗೆದು ಗ್ರ್ಯಾಫೈಟ್ ಕಡ್ಡಿ ಇಟ್ಟ ದಿನ ನನ್ನ ವಸ್ತು ಇದ್ದಲ್ಲೇ ಕೂತಿತು. ಪೇಪರ್ ವಾಪಸ್ ತೆಗೆದುಕೊಂಡೆ. ಊರಿಗೆ ಫೋನ್ ಮಾಡಲಿಲ್ಲ.

ನಮ್ಮೂರು ಪಾಂಡವಪುರ ತಾಲ್ಲೂಕು. ಒಂದೂವರೆ ಎಕರೆ ಕಬ್ಬು, ದೊಡ್ಡಪ್ಪನ ಜೊತೆ ಪಾಲಿನಲ್ಲಿ ಒಂದು ಆಲೆಮನೆ. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಬಿಎಸ್ಸಿ ಮಾಡುವಾಗ ಮೂರು ವರ್ಷವೂ ರೈಲಿನಲ್ಲೇ ಓಡಾಡಿದೆ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುವಾಗ ಹಾಸ್ಟೆಲ್ ಸಿಕ್ಕಿತು. ಎಲೆಕ್ಟ್ರೋಕೆಮಿಸ್ಟ್ರಿಗೆ ಬಂದದ್ದು ದೊಡ್ಡ ಕನಸಿನಿಂದೇನೂ ಅಲ್ಲ; ಆರ್ಗಾನಿಕ್ ಲ್ಯಾಬಿನ ಸಾಲ್ವೆಂಟ್ ವಾಸನೆಗೆ ನನಗೆ ತಲೆನೋವು ಬರುತ್ತಿತ್ತು, ಅಷ್ಟೇ. ಪಿಎಚ್‌ಡಿಗೆ ಬೇರೆ ಊರಿಗೆ ಹೋದೆ. ಅಲ್ಲಿ ಸಂದರ್ಶನದಲ್ಲಿ ಒಬ್ಬರು, “ಮದುವೆ ಆದ್ಮೇಲೆ ಬಿಟ್ಟು ಹೋಗಲ್ಲ ಅಂತ ಏನು ಗ್ಯಾರಂಟಿ?” ಎಂದು ಕೇಳಿದ್ದರು. ಹೋಗಲ್ಲ ಸರ್ ಅಂದೆ. ಪಿಎಚ್‌ಡಿ ಮುಗಿಸಿ, ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ನಾಲ್ಕು ವರ್ಷ ಬಿಟ್ಟೇ ಹೋದೆ. ವಾಪಸ್ ಬರುತ್ತೀಯಾ ಎಂದು ಅವರು ಕೇಳಿರಲಿಲ್ಲ, ನನಗೂ ಹೇಳಲು ಹೊಳೆದಿರಲಿಲ್ಲ.

ಆ ನಾಲ್ಕು ವರ್ಷದ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಮೈಸೂರಿನಲ್ಲಿ ಬಾಡಿಗೆ ಮನೆ, ಸಂಜೆ ಪಿಯುಸಿ ಮಕ್ಕಳಿಗೆ ಟ್ಯೂಷನ್. ನೀರನ್ನು ಒಡೆಯಲು ಸಿದ್ಧಾಂತದ ಲೆಕ್ಕದಲ್ಲಿ 1.23 ವೋಲ್ಟ್ ಸಾಕು ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ನಿಜದಲ್ಲಿ 1.8 ವೋಲ್ಟೋ 2 ವೋಲ್ಟೋ ಯಾಕೆ ಬೇಕಾಗುತ್ತದೆ ಎಂದು ಒಬ್ಬ ಹುಡುಗ ಕೇಳಿದ ದಿನ, ಗಂಟೆ ಮುಗಿದದ್ದೇ ಗೊತ್ತಾಗದಂತೆ ಹೇಳಿದೆ. ಮನೆಗೆ ಬಂದು ಹಳೇ ನೋಟ್‌ಬುಕ್ ಹುಡುಕಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ನನ್ನಂತೆ ಮಧ್ಯೆ ಬಿಟ್ಟವರಿಗಾಗಿಯೇ ಮಹಿಳಾ ವಿಜ್ಞಾನಿ ಯೋಜನೆ ಇತ್ತು, ಈಗ ಅದು ವೈಸ್-ಕಿರಣ್ ಹೆಸರಿನಲ್ಲಿದೆ. ಮೊದಲ ಅರ್ಜಿ ತಿರಸ್ಕಾರವಾಯಿತು. ಎರಡನೆಯದು ಬಂತು. ಮೈಸೂರಿನಲ್ಲೇ ಒಂದು ಲ್ಯಾಬಿನಲ್ಲಿ ಮೂಲೆ ಮೇಜು, ಎಲೆಕ್ಟ್ರೋಡಿನ ವೋಲ್ಟೇಜ್ ಹಿಡಿದಿಟ್ಟು ಕರೆಂಟ್ ಅಳೆಯುವ, ಹಂಚಿಕೊಂಡು ಬಳಸುವ ಒಂದು ಪೊಟೆನ್ಶಿಯೋಸ್ಟಾಟ್.

1.23ಕ್ಕೂ 1.8ಕ್ಕೂ ನಡುವಿನ ಆ ಅರ್ಧ ವೋಲ್ಟೇ ನನ್ನ ಕಸುಬು. ಒಂದು ಕೆಜಿ ಹೈಡ್ರೋಜನ್ ಮಾಡಲು, ಶಾಖವಾಗಿ ಬೇಕಾದ ಪಾಲೂ ಸೇರಿ, ಲೆಕ್ಕದಲ್ಲಿ ಕನಿಷ್ಠ 39.4 ಯೂನಿಟ್ ಬೇಕು, ನಿಜವಾದ ಯಂತ್ರಗಳು 50ರಿಂದ 55 ಯೂನಿಟ್ ನುಂಗುತ್ತವೆ. ನೂರು ಮಿಲಿವೋಲ್ಟ್ ಉಳಿಸಿದರೆ ಕೆಜಿಗೆ ಸುಮಾರು 2.7 ಯೂನಿಟ್ ಉಳಿಯಿತು. ನಷ್ಟದಲ್ಲಿ ದೊಡ್ಡ ಪಾಲು ಹೈಡ್ರೋಜನ್ ಬರುವ ಕಡೆಯದಲ್ಲ, ಆಮ್ಲಜನಕ ಬರುವ ಕಡೆಯದು. ಅಲ್ಲಿ ನಾಲ್ಕು ಎಲೆಕ್ಟ್ರಾನ್ ಒಂದಾದ ಮೇಲೊಂದು ದಾಟಬೇಕು, ನಡುವೆ ಎಲ್ಲಾದರೂ ಒಂದು ಕಡೆ ಎಡವುತ್ತದೆ. ಬಿಸಿಲು, ಗಾಳಿಯಂಥ ಮೂಲದ ಕರೆಂಟಿನಿಂದ ನೀರು ಒಡೆದು ಮಾಡಿದ್ದನ್ನು ಹಸಿರು ಹೈಡ್ರೋಜನ್ ಎಂದು ಜನ ಈಗ ಮಾತಾಡುತ್ತಾರೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ಮಿಷನ್‌ಗೆ ಒಪ್ಪಿದ ಮೇಲಂತೂ ನನ್ನ ವಿಷಯ ಕೇಳಿ ಹುಬ್ಬೇರಿಸುವವರು ಕಡಿಮೆಯಾದರು. ಆದರೆ ಕೆಲಸ ಹಳೆಯದು. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲೇ ಭಾಕ್ರಾದ ಜಲವಿದ್ಯುತ್ತಿನಿಂದ ನೀರು ಒಡೆದು, ಆ ಹೈಡ್ರೋಜನ್ನಿನಿಂದ ಗೊಬ್ಬರ ಮಾಡುತ್ತಿದ್ದರು. ಆಗ ಅದಕ್ಕೆ ಬಣ್ಣ ಹಚ್ಚಿರಲಿಲ್ಲ.

ಅಪ್ಪನ ತಕರಾರು ಬೇರೆ ಇತ್ತು. “ಕುಡಿಯೋಕೇ ಕಾವೇರಿ ನೀರು ಸಾಲ್ತಿಲ್ಲ, ನೀನದನ್ನ ಒಡೀತೀನಿ ಅಂತೀಯಲ್ಲವ್ವ.” ಕೆಜಿ ಹೈಡ್ರೋಜನ್‌ಗೆ ಒಡೆಯುವುದು ಒಂಬತ್ತು ಲೀಟರ್, ನೀರು ಶುದ್ಧಮಾಡಲು ತಣಿಸಲು ಇನ್ನಷ್ಟು ಸೇರಿಸಿಕೊಳ್ಳಿ ಅಂದೆ. ಒಂದು ಕೆಜಿ ಸಕ್ಕರೆಗೆ ಕಬ್ಬು ಕುಡಿಯುವ ನೀರು ಸಾವಿರ ಲೀಟರಿಗೂ ಮೇಲೆ. ಅಪ್ಪ ಟವೆಲ್ ಕೊಡವಿ ಎದ್ದು ಹೋದರು. ಕಬ್ಬಿನ ವಿಷಯ ಎತ್ತಬಾರದಿತ್ತು.

ನನ್ನ ಹೊಸ ಪ್ರಾಜೆಕ್ಟ್ ಆ ಕಬ್ಬಿನದೇ. ಹಾಲು ಹಿಂಡಿದ ಮೇಲೆ ಉಳಿಯುವ ರಚ್ಚನ್ನು ಒಣಗಿಸಿ, ಪುಡಿಮಾಡಿ, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಬೆರೆಸಿ, ನೈಟ್ರೋಜನ್ ಹರಿಸುತ್ತಾ ಫರ್ನೇಸಿನಲ್ಲಿ 800 ಡಿಗ್ರಿಗೆ ಕಾಯಿಸಿದರೆ ಸಣ್ಣ ಸಣ್ಣ ರಂಧ್ರಗಳಿರುವ ಇದ್ದಿಲು ಸಿಗುತ್ತದೆ. ಅದರ ಮೇಲೆ ನಿಕಲ್ ಹೈಡ್ರಾಕ್ಸೈಡ್ ಬೆಳೆಸಿ ಆಮ್ಲಜನಕದ ಕಡೆಗೆ ಬಳಸುವುದು. ಮಗಳ ಶಾಲೆಯಲ್ಲಿ ಅಮ್ಮ ಏನು ಮಾಡ್ತಾರೆ ಎಂದು ಮಿಸ್ ಕೇಳಿದ್ದಕ್ಕೆ, “ಕಬ್ಬಿನ ಸಿಪ್ಪೆ ಸುಡ್ತಾರೆ” ಎಂದು ಹೇಳಿ ಬಂದಿದ್ದಳು. ತಪ್ಪೇನಿಲ್ಲ.

ಮೊದಲ ಚೀಲ ರಚ್ಚು ನಮ್ಮ ಆಲೆಮನೆಯಿಂದ ಬಂತು. ಫಲಿತಾಂಶ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ: ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹರಿಯಲು ಸಿದ್ಧಾಂತದ ಮೇಲೆ ಬೇಕಾದ ಹೆಚ್ಚುವರಿ ಸುಮಾರು 270 ಮಿಲಿವೋಲ್ಟ್ ಮಾತ್ರ. ಬರಿ ನಿಕಲ್ ಇಷ್ಟು ಕಡಿಮೆಯಲ್ಲಿ ಕೆಲಸ ಮಾಡುವುದು ಅತಿಯಾಯಿತು. ಚೀಲ ಖಾಲಿಯಾಗಿತ್ತು, ಊರಿಗೆ ಹೋಗಲು ಪುರುಸೊತ್ತಿರಲಿಲ್ಲ, ರಸ್ತೆಬದಿಯ ಕಬ್ಬಿನ ಹಾಲಿನ ಗಾಡಿಯವರಿಂದ ಒಂದು ಮೂಟೆ ಸಿಪ್ಪೆ ತಂದೆ. ಅದೇ ವಿಧಾನ, ಅದೇ ಉಷ್ಣತೆ. ಅರುವತ್ತು ಎಪ್ಪತ್ತು ಮಿಲಿವೋಲ್ಟ್ ಹಿಂದೆ ಬಿತ್ತು. ಮತ್ತೆ ಊರಿನ ರಚ್ಚು ತಂದರೆ ಮತ್ತೆ ಮುಂದೆ.

ಇಲ್ಲಿ ನಾನು ಖುಷಿಪಡಬಹುದಿತ್ತು. ಮಂಡ್ಯದ ಕಬ್ಬೇ ಶ್ರೇಷ್ಠ ಎಂದು ಪೇಪರಿನ ಶೀರ್ಷಿಕೆಯೂ ಮನಸ್ಸಿನಲ್ಲಿ ಬಂದಿತ್ತು. ಪ್ಲಾಟಿನಂ ತಂತಿಯ ಪೆಟ್ಟು ತಿಂದಿರದಿದ್ದರೆ ಬರೆದೂ ಬಿಡುತ್ತಿದ್ದೆ. ಬದಲಿಗೆ ಒಂದು ಭಾನುವಾರ ಊರಿಗೆ ಹೋಗಿ ಆಲೆಮನೆಯಲ್ಲಿ ಕೂತು, ಹುಟ್ಟಿದಾಗಿನಿಂದ ನೋಡಿದ್ದನ್ನೇ ಮೊದಲ ಸಲ ನೋಡುವಂತೆ ನೋಡಿದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ದೊಡ್ಡಪ್ಪ ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಮಡ್ಡಿ ತೆಗೆಯುತ್ತಿದ್ದರು. ಗಾಣದ ರೋಲರ್‌ಗಳು ಬೀಡು ಕಬ್ಬಿಣದವು, ನನಗಿಂತ ವಯಸ್ಸಾದವು. ಬೆಳಿಗ್ಗೆ ಗಾಣ ಶುರುವಾದಾಗ ಮೊದಲು ಬರುವ ರಚ್ಚಿನ ಅಂಚಿನಲ್ಲಿ ತೆಳ್ಳಗೆ ತುಕ್ಕಿನ ಬಣ್ಣ. ಕೈಗೆ ತೆಗೆದುಕೊಂಡು ಉಜ್ಜಿದೆ, ಬೆರಳು ಕೆಂಪಾಯಿತು.

ನಿಕಲ್‌ಗೆ ಕಬ್ಬಿಣ ಸೇರಿದರೆ ಏನಾಗುತ್ತದೆ ಅನ್ನುವುದು ಈ ಕ್ಷೇತ್ರದವರಿಗೆ ಗೊತ್ತಿರುವ ಮಾತು. ಕಬ್ಬಿಣದ ಸೋಂಕಿನಿಂದಲೇ ನಿಕಲ್ ಆಕ್ಸೈಡ್ ಆಮ್ಲಜನಕವನ್ನು ಸುಲಭವಾಗಿ ಬಿಡುತ್ತದೆ ಎಂದು ಡೆನಿಸ್ ಕಾರಿಗನ್ 1987ರಲ್ಲೇ ತೋರಿಸಿದ್ದರು. ಅದಕ್ಕೂ ಬಹಳ ಹಿಂದೆ, ನಿಕಲ್ ಬ್ಯಾಟರಿ ಮಾಡುವವರು ಇದೇ ಕಾರಣಕ್ಕೆ ಕಬ್ಬಿಣವನ್ನು ಶಾಪ ಹಾಕುತ್ತಿದ್ದರು. ಚಾರ್ಜ್ ಆಗಬೇಕಾದ ಎಲೆಕ್ಟ್ರೋಡ್ ಆಮ್ಲಜನಕ ಬಿಡುತ್ತಾ ಕೂತರೆ ಅವರಿಗೆ ನಷ್ಟ. ಅವರ ವಿಷ ನಮಗೆ ಔಷಧ. ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಬೇಡ, ಅದಕ್ಕಿಂತ ಕಡಿಮೆಯೇ ಸಾಕು.

ಇದನ್ನು ಓದಿದ್ದೆ. ಓದಿದ್ದು ನನ್ನ ಬೀಕರಿನಲ್ಲೇ ಇದೆ ಎಂದು ಹೊಳೆಯಲು ಏಳು ತಿಂಗಳು ಬೇಕಾಯಿತು.

ಮುಂದಿನ ಕೆಲಸ ಬೇಜಾರಿನದು, ಆದರೆ ನನ್ನ ಪ್ರಕಾರ ನಾನು ಮಾಡಿದ ಒಳ್ಳೆಯ ಕೆಲಸ ಅದೇ. ಮೊದಲು ಇದ್ದಿಲನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡೀ ರಾತ್ರಿ ನೆನೆಸಿ ತೊಳೆದೆ. ಇದನ್ನು ಮೊದಲೇ ಮಾಡಬೇಕಿತ್ತು, ಬರಿ ನೀರಿನಲ್ಲಿ ತೊಳೆದದ್ದು ನನ್ನ ಸೋಮಾರಿತನ. ಹೆಚ್ಚುವರಿ ವೋಲ್ಟೇಜ್ 340ರ ಆಸುಪಾಸಿಗೆ ಏರಿತು. ಕಬ್ಬಿಣವಿಲ್ಲದ ನಿಕಲ್‌ಗೆ ಅದೂ ಕಡಿಮೆಯೇ, ಅಂದರೆ ಕಬ್ಬಿಣ ಇನ್ನೂ ಎಲ್ಲಿಂದಲೋ ಬರುತ್ತಿದೆ. ಬಾಟಲಿಯ ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಲ್ಲೇ ಇತ್ತು; ಲೇಬಲ್ ಮೇಲೆ ಎಷ್ಟು ಶುದ್ಧ ಎಂದು ಬರೆದಿದ್ದರೂ ಚೂರು ಇದ್ದೇ ಇರುತ್ತದೆ. ಅದನ್ನು ತೆಗೆಯುವ ದಾರಿ ತಮಾಷೆಯದು. ಅತಿ ಶುದ್ಧ ನಿಕಲ್ ನೈಟ್ರೇಟಿನಿಂದ ನಿಕಲ್ ಹೈಡ್ರಾಕ್ಸೈಡ್ ಗಷ್ಟು ಮಾಡಿ ದ್ರಾವಣದಲ್ಲಿ ಕದಡಿ ಬಿಡಬೇಕು. ಕಬ್ಬಿಣಕ್ಕೆ ನಿಕಲ್ ಮೇಲಿರುವ ಮೋಹವೇ ಅದನ್ನು ಹಿಡಿಸಿಕೊಡುತ್ತದೆ. ಗಷ್ಟು ಕೆಳಗೆ ಕೂತ ಮೇಲೆ ತಿಳಿಯನ್ನು ಬಸಿದುಕೊಳ್ಳುವುದು. ಕೊಪ್ಪರಿಗೆಗೆ ಬೆಂಡೆ ಲೋಳೆ ಹಾಕುವ ಹಾಗೇ, ಮಡ್ಡಿ ಮಾತ್ರ ಮೇಲೆ ಬರುವ ಬದಲು ತಳಕ್ಕೆ ಹೋಗುತ್ತದೆ. ಗಾಜಿನ ಬೀಕರನ್ನೂ ಬಿಟ್ಟೆ. ಕ್ಷಾರ ಗಾಜನ್ನು ತಿನ್ನುತ್ತದೆ, ಗಾಜಿನಲ್ಲಿರುವ ಕಬ್ಬಿಣವೂ ಜೊತೆಗೆ ಬರುತ್ತದೆ. ಎಲ್ಲ ಟೆಫ್ಲಾನ್ ಮತ್ತು ಪ್ಲಾಸ್ಟಿಕ್ಕಿಗೆ ಬದಲಾಯಿಸಿದೆ. ಆಗ ನನ್ನ ಅದ್ಭುತ ಎಲೆಕ್ಟ್ರೋಡ್ 400 ಮಿಲಿವೋಲ್ಟ್ ದಾಟಿ ಕೂತಿತು. ಕೊನೆಗೆ ಅಳೆದು ಒಂದೆರಡು ಹನಿ ಫೆರಿಕ್ ನೈಟ್ರೇಟ್ ಬಿಟ್ಟೆ. ಕಣ್ಣೆದುರೇ ವಾಪಸ್ ಇಳಿಯಿತು.

ಬೆಂಗಳೂರಿಗೆ ಕಳಿಸಿದ್ದ ಸ್ಯಾಂಪಲ್ಲಿನ ವರದಿಯೂ ಅದನ್ನೇ ಹೇಳಿತು: ಆಲೆಮನೆ ರಚ್ಚಿನ ಇದ್ದಿಲಿನಲ್ಲಿ ಕಬ್ಬಿಣ ಗಾಡಿಯದಕ್ಕಿಂತ ಬಹಳ ಹೆಚ್ಚು. ಬರೆದ ಪೇಪರಿನಲ್ಲಿ ಹೊಸ ಕ್ಯಾಟಲಿಸ್ಟ್ ಇರಲಿಲ್ಲ, ಹೊಲದ ಕಸದಿಂದ ಮಾಡಿದ ಇದ್ದಿಲನ್ನು ಪರೀಕ್ಷಿಸುವ ಮೊದಲು ಏನೇನು ತೊಳೆಯಬೇಕು ಅನ್ನುವುದಿತ್ತು. ದೊಡ್ಡ ಜರ್ನಲ್‌ಗಳು ಬೇಡ ಅಂದವು, ಸಣ್ಣದೊಂದು ಹಾಕಿಕೊಂಡಿತು. ನನ್ನ ಬೇರೆ ಪೇಪರುಗಳಿಗಿಂತ ಇದಕ್ಕೇ ಹೆಚ್ಚು ಪತ್ರ ಬಂದಿವೆ, ಬಹುತೇಕ ಪಿಎಚ್‌ಡಿ ಹುಡುಗಿಯರದು. ಅಪ್ಪನಿಗೂ ಕಥೆ ಹೇಳಿದ್ದೆ. ಮುಂದಿನ ಸಲ ರಚ್ಚು ಬೇಕು ಎಂದು ಫೋನ್ ಮಾಡಿದಾಗ, “ತುಕ್ಕು ಇರೋದಾ, ಇಲ್ದೇ ಇರೋದಾ?” ಎಂದು ಕೇಳಿದರು.

ಮಗಳು ಚಿಕ್ಕವಳಿದ್ದಾಗಿನ ದಿನಚರಿಯನ್ನೂ ಹೇಳಿಬಿಡುತ್ತೇನೆ, ಕೇಳುವವರಿದ್ದಾರೆ. ಆಟೋಕ್ಲೇವ್, ಅಂದರೆ ಒತ್ತಡದಲ್ಲಿ ಕಾಯಿಸುವ ಬಿಗಿ ಮುಚ್ಚಳದ ಪಾತ್ರೆ, 120 ಡಿಗ್ರಿಯಲ್ಲಿ ಹನ್ನೆರಡು ಗಂಟೆ ಇರಬೇಕು, ಸಂಜೆ ಐದಕ್ಕೆ ಒಲೆಗೆ ಇಡುವಂತೆ ಮಧ್ಯಾಹ್ನದ ಕೆಲಸ ಹೊಂದಿಸುತ್ತಿದ್ದೆ. ಬಹಳ ಹೊತ್ತು ಹಿಡಿಯುವ ಅಳತೆಗಳನ್ನು ಶುಕ್ರವಾರ ಹಚ್ಚಿ ಸೋಮವಾರ ನೋಡುವುದು. ಅತ್ತೆ ಮಗುವನ್ನು ನೋಡಿಕೊಂಡರು. ಅವರಿಲ್ಲದಿದ್ದರೆ ಈ ಬರಹ ಇರುತ್ತಿರಲಿಲ್ಲ. ಎಲ್ಲರಿಗೂ ಅಂಥ ಅತ್ತೆ ಇರುವುದಿಲ್ಲ, ಹಾಗಾಗಿ ಲ್ಯಾಬಿನ ಹತ್ತಿರ ಶಿಶುವಿಹಾರ ಬೇಕು ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇನೆ. ಟಿಪ್ಪಣಿ ಬರೆದುಕೊಳ್ಳುತ್ತಾರೆ.

ಈಗ ಮಾಡುತ್ತಿರುವ ಕೆಲಸ ಸಿಕ್ಕಿದ್ದು ಕರೆಂಟ್ ಹೋದದ್ದರಿಂದ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆಯವಳು ನಾನು, ನನ್ನ ನೂರು ಗಂಟೆಯ ಪರೀಕ್ಷೆಯ ಎಪ್ಪತ್ತೊಂದನೇ ಗಂಟೆಯಲ್ಲಿ ಜೋರು ಮಳೆ ಬಂದು ಕರೆಂಟ್ ಹೋಯಿತು. ಯುಪಿಎಸ್ ನಲವತ್ತು ನಿಮಿಷ ಎಳೆದು ನಿಂತಿತು. ಮತ್ತೆ ಶುರುಮಾಡಿದಾಗ ಸೆಲ್ ಮೊದಲಿಗಿಂತ ಹೆಚ್ಚು ವೋಲ್ಟ್ ಕೇಳಿತು. ವಿದ್ಯಾರ್ಥಿನಿ ಮೆಲ್ಲಗೆ, “ಮೇಡಂ, ಎರಡೂ ಗ್ರಾಫ್ ಸೇರಿಸಿ ನೀಟಾಗಿ ಹಾಕ್ಬಿಡ್ಲಾ?” ಎಂದು ಕೇಳಿದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ವಯಸ್ಸಿನಲ್ಲಿ ನಾನು ಕೇಳದೆಯೇ ಸೇರಿಸುತ್ತಿದ್ದೆನೋ ಏನೋ.

ಆ ಏರಿಕೆಯೇ ವಿಷಯ ಎಂದು ಆಮೇಲೆ ಗೊತ್ತಾಯಿತು. ಕರೆಂಟ್ ನಿಂತ ಕ್ಷಣ ಎಲೆಕ್ಟ್ರೋಡುಗಳ ಸುತ್ತ ಉಳಿದ ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿ ಸೆಲ್ಲನ್ನು ಬ್ಯಾಟರಿಯಂತೆ ಹಿಮ್ಮುಖವಾಗಿ ಓಡಿಸಲು ನೋಡುತ್ತವೆ. ಹಲವು ಸೆಲ್ ಜೋಡಿಸಿದ ದೊಡ್ಡ ಯಂತ್ರಗಳಲ್ಲಿ ಈ ಹಿಮ್ಮುಖ ಕರೆಂಟ್ ಇನ್ನೂ ಜೋರು. ಹೈಡ್ರೋಜನ್ ಕೊಡುವ ನಿಕಲ್ ಆಗ ಆಕ್ಸಿಡೀಕರಣಗೊಂಡು, ಪ್ರತಿ ಸಲವೂ ಚೂರು ಸವೆಯುತ್ತದೆ. ಸೂರ್ಯನ ಕರೆಂಟಿನಲ್ಲಿ ನಡೆಯುವ ಯಂತ್ರ ದಿನಾ ಸಂಜೆ ನಿಲ್ಲಬೇಕು, ಮೋಡ ಬಂದರೂ ತಗ್ಗಬೇಕು. ನೂರು ಗಂಟೆ ಎಡೆಬಿಡದೆ ಓಡಿಸಿ ಗಟ್ಟಿ ಎಂದು ತೋರಿಸುವ ನಮ್ಮ ಪರೀಕ್ಷೆ ಆ ದಿನ ನನಗೆ ಹುಡುಗಾಟದಂತೆ ಕಂಡಿತು. ಈಗ ಸೆಲ್ಲನ್ನು ಬೇಕೆಂದೇ ನಿಲ್ಲಿಸಿ ಹಚ್ಚಿ ಮಾಡುತ್ತೇವೆ. ನಿಂತಿರುವಾಗ ಸಣ್ಣ ಕರೆಂಟ್ ಬಿಟ್ಟಿದ್ದರೆ ಸವೆತ ಎಷ್ಟು ತಗ್ಗುತ್ತದೆ ಎಂದು ನೋಡುತ್ತಿದ್ದೇವೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದಾಗ ಅದೇ ವಿದ್ಯಾರ್ಥಿನಿಯ ಮೆಸೇಜ್: “ಕರೆಂಟ್ ಹೋಯ್ತು ಮೇಡಂ.” ಹೋಗಲಿ ಬಿಡು, ಎಷ್ಟು ಹೊತ್ತಿಗೆ ಹೋಯಿತು ಬರೆದುಕೋ ಅಂದೆ. ಆಗಲೇ ಬರೆದಿದ್ದಳು.