ಮಲೆನಾಡಿನಲ್ಲಿ ಆರೋಗ್ಯ–ವಂಶವಾಹಿ ದತ್ತಕೋಶ ಕಟ್ಟುವ ಬಗೆ

ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದತ್ತಕೋಶ (ಜನರ ರಕ್ತ, ವಂಶವಾಹಿ, ಆರೋಗ್ಯದ ಮಾಹಿತಿ ಕೂಡಿಡುವ ಸಂಗ್ರಹ) 2006ರಿಂದ 2010ರೊಳಗೆ 5 ಲಕ್ಷ ಜನರನ್ನು ಸೇರಿಸಿಕೊಂಡಿತು. ಕರೆ ಹೋಗಿದ್ದು ಸುಮಾರು 92 ಲಕ್ಷ ಮಂದಿಗೆ; ಬಂದವರು ಉಳಿದವರಿಗಿಂತ ಆರೋಗ್ಯವಂತರಾಗಿದ್ದರು. ಚಿಕ್ಕಮಗಳೂರಿನಲ್ಲಿ ಕ್ಯಾಂಪ್ ಹಾಕಿ ಡಂಗುರ ಸಾರಿದರೂ ಇದೇ ಆಗುತ್ತದೆ: ಪೇಟೆಯ ನಿವೃತ್ತರು ಬರುತ್ತಾರೆ, ತೋಟದ ಲೈನ್‌ಮನೆಯ ಕೂಲಿಯವರು ಬರುವುದಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆಯರ ಮನೆಪಟ್ಟಿಯಿಂದ ಚೀಟಿ ಎತ್ತಿ ಮನೆಗಳನ್ನು ಆರಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ರಜೆಯ ದಿನ ಬಿಟ್ಟು ಬೇರೆ ದಿನ ಕ್ಯಾಂಪ್ ಬೇಡ. ಕೂಲಿ ಬಿಟ್ಟು ಬಾ ಎನ್ನುವ ಹಕ್ಕು ನಮಗಿಲ್ಲ.

ನೋಂದಾಯಿತ ನೈತಿಕ ಸಮಿತಿಯ ಅನುಮತಿ ಸಿಗುವವರೆಗೆ ಒಂದು ಹನಿ ರಕ್ತವನ್ನೂ ತೆಗೆಯಬೇಡಿ.

ಒಪ್ಪಿಗೆ ಪಡೆಯುವ ಕೋಣೆಯಲ್ಲಿ ತೋಟದ ಮಾಲೀಕರಾಗಲಿ ರೈಟರ್ (ತೋಟದ ಗುಮಾಸ್ತ) ಆಗಲಿ ಇರಕೂಡದು. ಸಾಹುಕಾರರು ಎದುರಿಗಿದ್ದರೆ "ಆಗ್ಲಿ" ಎಂದದ್ದು ಒಪ್ಪಿಗೆಯಲ್ಲ. ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ. ಹೆಬ್ಬೆಟ್ಟು ಒತ್ತುವವರಿಗೆ ನಮ್ಮ ತಂಡಕ್ಕೆ ಸೇರದ ಸಾಕ್ಷಿ ಬೇಕು. ರಕ್ತ ಕೂಡಿಡುವುದು, ವಂಶವಾಹಿ ಓದುವುದು, ಬೇರೆ ಸಂಶೋಧಕರಿಗೆ ತೋರಿಸುವುದು, ಮತ್ತೆ ಸಂಪರ್ಕಿಸುವುದು — ನಾಲ್ಕಕ್ಕೂ ಬೇರೆ ಬೇರೆ ಹೌದು/ಬೇಡ ಇರಲಿ. ಸಕ್ಕರೆ, ರಕ್ತಹೀನತೆಯ ವರದಿಯನ್ನು ಅವರ ಕೈಗೇ ಕೊಡಿ.

ಪ್ರಶ್ನಾವಳಿಯಲ್ಲಿ ಹೆಚ್ಚು ಕೆಡುವುದು ಎರಡು ಕಡೆ. ಮೊದಲನೆಯದು ವಯಸ್ಸು: ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1 ಅನೇಕರ ಆಧಾರಿನಲ್ಲೂ ಇರುತ್ತದೆ, ಆದ್ದರಿಂದ "ಖಚಿತ/ಅಂದಾಜು" ಎಂಬ ಕಲಂ ಸೇರಿಸಿ. ಎರಡನೆಯದು ನಂಟು. ದೊಡ್ಡಪ್ಪನ ಮಗನೂ ಅಣ್ಣನೇ ಆಗಿರುವಲ್ಲಿ "ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರಾ?" ಎಂದೇ ಕೇಳಬೇಕು. ಗಂಡ ಸೋದರಮಾವನೋ ಅತ್ತೆಮಗನೋ ಎಂಬುದನ್ನೂ ಬರೆಯಿರಿ. ರಕ್ತಸಂಬಂಧದ ಮದುವೆಯ ಮನೆಗಳಲ್ಲಿ ಅಪರೂಪದ ಕಾಯಿಲೆಗಳ ಜಾಡು ಸಿಗುವುದು ಅಲ್ಲೇ.

ಒಬ್ಬರಿಂದ ಸುಮಾರು 15 ಮಿ.ಲೀ. ರಕ್ತ ಸಾಕು: ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬ್ ಎರಡು (6 ಮಿ.ಲೀ. ಡಿಎನ್‌ಎಗೆ, 2 ಮಿ.ಲೀ. ಹಿಮೋಗ್ಲೋಬಿನ್ ಮತ್ತು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿಗೆ), ಬೂದು ಮುಚ್ಚಳದ್ದು 2 ಮಿ.ಲೀ. ಸಕ್ಕರೆಗೆ, ಸೀರಂಗೆ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) 5 ಮಿ.ಲೀ. ಹಿಮೋಗ್ಲೋಬಿನ್ ಬಿಡಲೇಬೇಡಿ: ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಸುಳ್ಳಾಗಿ ಏರುತ್ತದೆ. ಹೆಪ್ಪು ತಡೆಯುವ ಇನ್ನೊಂದು ಮದ್ದಾದ ಹೆಪಾರಿನ್ ಇರುವ ಟ್ಯೂಬಿನ ರಕ್ತವನ್ನು ಡಿಎನ್‌ಎಗೆ ಬಳಸಿದರೆ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಕೈಕೊಡುತ್ತದೆ. ಇಡಿಟಿಎ ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಿದರೆ ಕೆಂಪುಕಣ ಒಡೆಯುತ್ತವೆ, ಸುಮ್ಮನೆ ಬಿಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ. ಲೇಬಲ್ ಅಂಟಿಸುವುದು ರಕ್ತ ತೆಗೆದ ಕುರ್ಚಿಯಲ್ಲೇ, ಅವರ ಬಾಯಲ್ಲೇ ಹೆಸರು ಹೇಳಿಸಿ. ಒಂದೇ ಊರಲ್ಲಿ ನಾಲ್ಕು ಮಂಜುನಾಥರು ಇರುತ್ತಾರೆ. ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ಸಾಮಾನ್ಯ ಕಾಗದದ ಲೇಬಲ್ ಉದುರಿಹೋಗುತ್ತದೆ, ಅಷ್ಟು ಚಳಿ ತಡೆಯುವ ಕ್ರಯೋ ಲೇಬಲ್ ತರಿಸಿ.

ಸೀರಂ ಟ್ಯೂಬನ್ನು 30 ನಿಮಿಷ ನೆಟ್ಟಗೆ ನಿಲ್ಲಿಸಿ, 2 ಗಂಟೆಯೊಳಗೆ ಕ್ಯಾಂಪಿನಲ್ಲೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಸೀರಂ ಬೇರ್ಪಡಿಸಿ. ಬೇರ್ಪಡಿಸದೆ ಮೂಡಿಗೆರೆಯಿಂದ ತಿರುವು ರಸ್ತೆಯಲ್ಲಿ ಹಾಸನಕ್ಕೆ ಒಯ್ದರೆ ಕಣ ಒಡೆದು ಪೊಟ್ಯಾಸಿಯಂ ಅಂಕಿ ಹಾಳಾಗುತ್ತದೆ. ಐಸ್‌ಪ್ಯಾಕ್ ಟ್ಯೂಬಿಗೆ ನೇರ ತಾಗಬಾರದು, ನಡುವೆ ಬಟ್ಟೆ ಇಡಿ. ಡಿಎನ್‌ಎ ಟ್ಯೂಬ್ 4 ಡಿಗ್ರಿಯಲ್ಲಿ ಮರುದಿನದವರೆಗೆ ಧಾರಾಳವಾಗಿ ಕಾಯುತ್ತದೆ. ಸೀರಂ ಅನ್ನು ಅರ್ಧ ಮಿ.ಲೀ.ಗಳಾಗಿ ಹಂಚಿಡಿ; ಫ್ರೀಜರ್‌ನಿಂದ ತೆಗೆದು ಕರಗಿಸಿ ಮತ್ತೆ ಗಡ್ಡೆಯಾಗಿಸಿದಷ್ಟೂ ಅದು ಕೆಡುತ್ತದೆ. ಮಳೆಗಾಲದ ಕರೆಂಟನ್ನು ನಂಬಿ ಕೊಪ್ಪದಲ್ಲೋ ಶೃಂಗೇರಿಯಲ್ಲೋ ಫ್ರೀಜರ್ ಇಡಬೇಡಿ. ಎಲ್ಲಿಟ್ಟರೂ ಎರಡು ಫ್ರೀಜರ್‌ಗಳಿಗೆ ಹಂಚಿ. ಜನರೇಟರ್ ಜೊತೆ ಫೋನಿಗೆ ಬರುವ ಅಲಾರಂ ಬೇಕು.

ಒಬ್ಬರ ಪೂರ್ಣ ಜೀನೋಮಿನ (ಇಡೀ ಡಿಎನ್‌ಎಯ) ಕಚ್ಚಾ ಕಡತವೇ ಸುಮಾರು 100 ಜಿಬಿ. ಹಣ ಕಡಿಮೆಯಿದ್ದರೆ ಡಿಎನ್‌ಎ ಕಾದಿಟ್ಟು, ಮೊದಲು ಡಿಎನ್‌ಎಯ ಆಯ್ದ ಜಾಗಗಳನ್ನಷ್ಟೇ ಓದುವ ಅಗ್ಗದ ಅರ್ರೇ ಪರೀಕ್ಷೆ ಮಾಡಿಸಿ. ಅದು ಬಂದೊಡನೆ ಬರೆದ ಲಿಂಗಕ್ಕೂ ಕ್ರೋಮೋಸೋಮಿಗೂ, ಹೇಳಿದ ನಂಟಿಗೂ ಡಿಎನ್‌ಎ ನಂಟಿಗೂ ತಾಳೆ ನೋಡಿ; ಅದಲುಬದಲಾದ ಟ್ಯೂಬ್ ಇಲ್ಲೇ ಸಿಕ್ಕಿಬೀಳುತ್ತದೆ. ತಂದೆ ಬೇರೆ ಎಂದು ಕಂಡರೆ ಆ ಮಾಹಿತಿ ವಿಶ್ಲೇಷಕರ ಗಣಕ ಬಿಟ್ಟು ಹೊರಬರಬಾರದು. ಊರಿಗೆ ಹೋಗುವ ತಂಡಕ್ಕೂ ತಿಳಿಯಬಾರದು. ಒಂದು ಮಾತು ಒಂದು ಮನೆ ಮುರಿಯುತ್ತದೆ.

ಹೆಸರು ತೆಗೆದರಷ್ಟೇ ಗುಟ್ಟು ಉಳಿಯುವುದಿಲ್ಲ. ಊರು, ಜಾತಿ, ಅಪರೂಪದ ಕಾಯಿಲೆ ಮೂರೂ ಸೇರಿದರೆ ಆಲ್ದೂರಿನಂಥ ಸಣ್ಣ ಊರಿನ ಯಾರು ಬೇಕಾದರೂ ಆಸಾಮಿಯನ್ನು ಗುರುತಿಸುತ್ತಾರೆ. ಸಂಶೋಧಕರಿಗೆ ತಾಲ್ಲೂಕು ಮತ್ತು ಹುಟ್ಟಿದ ವರ್ಷ ಮಾತ್ರ ಕೊಡಿ, ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಮುಚ್ಚಿ. ಹೆಸರನ್ನೂ ಅದರ ಬದಲು ಬಳಸುವ ಸಂಕೇತವನ್ನೂ ಜೋಡಿಸುವ ಪಟ್ಟಿ ಬೇರೆ ಗಣಕದಲ್ಲಿ, ಬೇರೆಯವರ ಕೈಯಲ್ಲಿರಲಿ. ಕಡತದ ನಕಲು ಕೊಡುವ ಬದಲು ಸಂಶೋಧಕರೇ ನಿಮ್ಮ ಸರ್ವರಿಗೆ ಬಂದು ಲೆಕ್ಕ ಮಾಡಲಿ. ಹೊರಹೋಗುವುದು ಪರಿಶೀಲಿಸಿದ ಫಲಿತಾಂಶದ ಕೋಷ್ಟಕ ಮಾತ್ರ.

ಮುಂದೆ ಯಾರಾದರೂ "ನನ್ನದು ಬೇಡ" ಎಂದರೆ ಅವರ ಟ್ಯೂಬ್ ನಾಶಮಾಡಿ, ಸಂಕೇತವನ್ನು ದತ್ತಕೋಶದ ಮುಂದಿನ ಆವೃತ್ತಿಗಳಿಂದ ತೆಗೆಯಿರಿ. ಆಗಲೇ ಪ್ರಕಟವಾದ ಲೆಕ್ಕದಿಂದ ತೆಗೆಯಲಾಗದು ಎಂಬುದನ್ನು ಸಹಿಗೆ ಮುಂಚೆಯೇ ಹೇಳಿರಬೇಕು.