ಇಗರ್ಜಿಯ ಪುಸ್ತಕ, ಅಜ್ಜಿಯ ವೀಲುನಾಮೆ

ದಕ್ಷಿಣ ಕನ್ನಡದ ಕೊಂಕಣಿ ಕ್ರೈಸ್ತರು ವಂಶದ ಬೇರು ಹುಡುಕಲು ಹೊರಟರೆ 1784ರ ಆಚೆಗೆ ದಾರಿ ಸಿಗುವುದು ಬಹಳ ಕಷ್ಟ. ಆ ವರ್ಷ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಇಗರ್ಜಿಗಳನ್ನು, ಅಂದರೆ ಚರ್ಚುಗಳನ್ನು, ಕೆಡವಿದರು. 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಕೂಡ ಉಳಿಯಲಿಲ್ಲ. ಇಗರ್ಜಿಯೇ ಹೋದ ಮೇಲೆ ಜ್ಞಾನಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣಗಳನ್ನು ಬರೆದಿಟ್ಟ ಅದರ ಪುಸ್ತಕಗಳು ಎಲ್ಲಿ ಉಳಿಯಬೇಕು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಊರಿಗೆ ಮರಳಿದರು. ನಮ್ಮ ಹಲವು ಮನೆತನಗಳ ಕಥೆ ಶುರುವಾಗುವುದು ಅಲ್ಲಿಂದ.

ನಮ್ಮ ಮನೆಯಲ್ಲಿ ಹೇಳುತ್ತಿದ್ದ ಕಥೆ ಇಷ್ಟು: ಸೆರೆಯಿಂದ ಮರಳಿದವರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ಹೊಳೆಯ ಈಚೆ ನಿಂತ, ತಮ್ಮ ಆಚೆ ಹೋದ. ಆಚೆ ಬದಿಯ ಮನೆಯವರೂ ಇದನ್ನೇ ಹೇಳುತ್ತಾರೆ. ಇಬ್ಬರ ಅಡ್ಡಹೆಸರೂ ಒಂದೇ. ಆದರೆ ಅಡ್ಡಹೆಸರನ್ನು ನಂಬಿ ನಮ್ಮಲ್ಲಿ ರಕ್ತಸಂಬಂಧ ಹೇಳಲಾಗದು. ಗೋವಾದಲ್ಲಿ ಜ್ಞಾನಸ್ನಾನ ಕೊಟ್ಟ ಪಾದ್ರಿಯ ಅಥವಾ ಆಗ ಹೊಣೆ ನಿಂತ ಜ್ಞಾನಪಿತನ ಅಡ್ಡಹೆಸರನ್ನೇ ಎಷ್ಟೋ ಕುಟುಂಬಗಳು ಹೊತ್ತು ಬಂದಿವೆ. ಆಚೆ ಮನೆಯವರು ನಿಜಕ್ಕೂ ನಮ್ಮವರೇ ಎಂಬುದನ್ನು ಕಾಗದದಲ್ಲಿ ಕಾಣಬೇಕೆಂಬ ಆಸೆ ನನ್ನದು.

ಗುರುಗಳ ಒಪ್ಪಿಗೆ ಪಡೆದು ನಮ್ಮ ಇಗರ್ಜಿಯ ಪುಸ್ತಕಗಳನ್ನು ಹಿಂದಿನಿಂದ ಮುಂದಕ್ಕಲ್ಲ, ಇಂದಿನಿಂದ ಹಿಂದಕ್ಕೆ ಓದುತ್ತ ಹೋದೆ. ಅಪ್ಪನ ಜ್ಞಾನಸ್ನಾನ, ಅಜ್ಜನ ಮದುವೆ, ಅಜ್ಜನ ಜ್ಞಾನಸ್ನಾನ, ಹೀಗೆ. ಜ್ಞಾನಸ್ನಾನದ ಪುಸ್ತಕದ ಅಂಚನ್ನು ಬಿಡದೆ ಓದಿ. ಮದುವೆಯಾದವರ ಜ್ಞಾನಸ್ನಾನದ ದಾಖಲೆಯ ಬದಿಯಲ್ಲಿ ಆ ಮದುವೆಯನ್ನೂ ಬರೆಯಬೇಕೆಂದು 1908ರಿಂದ ಜಾರಿಗೆ ಬಂದ ರೋಮಿನ ನಿಯಮವಿದೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಯಾವ ಊರು ಸೇರಿದರು ಎಂಬುದು ನನಗೆ ಸಿಕ್ಕಿದ್ದು ಆ ಅಂಚಿನಲ್ಲೇ.

ಅದಕ್ಕೂ ಹಿಂದೆ ಹೋದಂತೆ ಹೆಸರುಗಳ ಗೊಂದಲ. ನಮ್ಮ ಮನೆತನದಲ್ಲಿ ಹಿರಿಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ. ನಾಲ್ವರು ಗಂಡುಮಕ್ಕಳಿದ್ದ ಅಜ್ಜನಿಗೆ ಅದೇ ಹೆಸರಿನ ನಾಲ್ವರು ಮೊಮ್ಮಕ್ಕಳು! ಇವರನ್ನು ಬಿಡಿಸಲು ನನಗೆ ನೆರವಾದದ್ದು ತಾಯಿಯ ಹೆಸರು ಮತ್ತು ಜ್ಞಾನಪಿತ, ಜ್ಞಾನಮಾತೆಯರು. ಮಗುವನ್ನು ಎತ್ತಿಕೊಳ್ಳಲು ದಾರಿಹೋಕರನ್ನು ಕರೆಯುವುದಿಲ್ಲ. ಸೋದರಮಾವನೋ ಚಿಕ್ಕಪ್ಪನೋ ಅತ್ತೆಯೋ ಬಂದು ನಿಂತಿರುತ್ತಾರೆ. ತಂದೆತಾಯಿಯ ಹೆಸರು ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಇವರ ಹೆಸರುಗಳನ್ನೂ ಬರೆದಿಟ್ಟುಕೊಂಡೆ. ಹೊಳೆಯಾಚೆಯ ಮನೆಯವರು ನಮ್ಮ ಮಕ್ಕಳಿಗೆ ಜ್ಞಾನಪಿತರಾಗಿದ್ದರು, ನಮ್ಮವರು ಅವರ ಮಕ್ಕಳಿಗೆ. ನಂಟು ಇತ್ತು ಎಂದಾಯಿತು, ಆದರೆ ಎಂಥ ನಂಟು?

ಉತ್ತರದ ಅರ್ಧ ಸಿಕ್ಕಿದ್ದು ಮದುವೆಯ ಪುಸ್ತಕದಲ್ಲಿ. 1890ರ ದಶಕದಲ್ಲಿ ನಮ್ಮ ಮನೆಯ ಹುಡುಗಿಯನ್ನು ಆಚೆ ಮನೆಯ ಹುಡುಗನಿಗೆ ಕೊಟ್ಟಿದ್ದಾರೆ. ಲ್ಯಾಟಿನ್ನಿನಲ್ಲಿ ಬರೆದ ಆ ದಾಖಲೆಯ ಕೊನೆಗೆ, ನಾಲ್ಕನೇ ತಲೆಯ ರಕ್ತಸಂಬಂಧವಿದ್ದುದರಿಂದ ವಿಶೇಷ ಅನುಮತಿ ಪಡೆದು ಮದುವೆ ಮಾಡಿಸಲಾಯಿತು ಎಂದಿದೆ. ಧರ್ಮಸಭೆ ಆಗ ನಾಲ್ಕನೇ ತಲೆಯವರೆಗಿನ ಸಂಬಂಧವನ್ನು ಮದುವೆಗೆ ಅಡ್ಡಿಯೆಂದು ಎಣಿಸುತ್ತಿತ್ತು. 1918ರಲ್ಲಿ ಜಾರಿಗೆ ಬಂದ ಕಾನೂನು ಅದನ್ನು ಮೂರಕ್ಕೆ ಇಳಿಸಿತು. ನಾಲ್ಕು ತಲೆ ಎಂದರೆ ವಧುವರರ ಮುತ್ತಜ್ಜನ ತಂದೆ ಅಥವಾ ತಾಯಿ ಒಬ್ಬರೇ. ಮುತ್ತಜ್ಜಂದಿರು ಅಣ್ಣತಮ್ಮಂದಿರಾಗಿದ್ದರೆ ಲೆಕ್ಕ ಸರಿಯಾಗಿ ಕೂಡುತ್ತದೆ. 1784ಕ್ಕೂ ಹಿಂದಿನ ಒಬ್ಬ ಮನುಷ್ಯನ ನೆರಳು ಹೀಗೆ ನೂರು ವರ್ಷದ ಮೇಲಿನ ಮದುವೆಯ ದಾಖಲೆಯಲ್ಲಿ ಕಂಡಾಗ ನನಗಾದ ಸಂತೋಷ ಹೇಳತೀರದು.

ಆದರೂ ಆ ನಂಟು ತಾಯಂದಿರ ಕಡೆಯಿಂದಲೂ ಬಂದಿರಬಹುದಿತ್ತು. ಅದನ್ನು ತೀರ್ಮಾನಿಸಿದ್ದು ಒಂದು ವೀಲುನಾಮೆ, ಅಂದರೆ ಉಯಿಲು.

ನಮ್ಮ ಮನೆಯಲ್ಲಿ ಮಕ್ಕಳಿಲ್ಲದ ವಿಧವೆ ಅಜ್ಜಿಯೊಬ್ಬರಿದ್ದರೆಂದು ಕೇಳಿದ್ದೆ. ಮಕ್ಕಳಿಲ್ಲದವರ ವೀಲುನಾಮೆಯನ್ನೇ ಮೊದಲು ಹುಡುಕಿ ಎನ್ನುತ್ತೇನೆ ನಾನು. ಮಕ್ಕಳಿದ್ದವರು 'ನನ್ನ ಮಕ್ಕಳಿಗೆ' ಎಂದು ಬರೆದು ಮುಗಿಸಬಹುದು. ಇಲ್ಲದವರು ಯಾರಿಗೆ, ಯಾಕೆ ಎಂದು ಬಿಡಿಸಿ ಬರೆಯಬೇಕಾಗುತ್ತದೆ. ನೋಂದಣಿ ಕಚೇರಿಯಲ್ಲಿ ವೀಲುನಾಮೆಗಳಿಗೆಂದೇ ಮೂರನೇ ನಂಬರಿನ ಪುಸ್ತಕವಿರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ, ಬರೆಸಿದವರು ತೀರಿಕೊಂಡ ಮೇಲೆ ಯಾರು ಅರ್ಜಿ ಹಾಕಿದರೂ ಅದರ ನಕಲು ಕೊಡಬೇಕು. ಅಜ್ಜಿ ತೀರಿಕೊಂಡದ್ದಕ್ಕೆ ಇಗರ್ಜಿಯ ಮರಣ ಪುಸ್ತಕದ ಪ್ರತಿಯನ್ನೇ ಅರ್ಜಿಗೆ ಲಗತ್ತಿಸಿದೆ.

ಬಂದ ನಕಲು ಪದಗಳ ನಡುವೆ ಬಿಡುವಿಲ್ಲದ ಹಳೆಯ ಕೈಬರಹ. ಮೂಲಗೇಣಿಯ, ಅಂದರೆ ಕಾಯಂ ಗೇಣಿಯ, ಒಂದು ಗದ್ದೆಯನ್ನು ಅಜ್ಜಿ ಹೊಳೆಯಾಚೆಯ ಹುಡುಗನಿಗೆ ಬಿಟ್ಟಿದ್ದಾರೆ. ಅವನು ತನ್ನ ಯಜಮಾನರ ಅಜ್ಜನ ತಮ್ಮನ ಮರಿಮಗ ಎಂದು ಸ್ಪಷ್ಟವಾಗಿ ಬರೆಸಿದ್ದಾರೆ. ಮದುವೆ ಪುಸ್ತಕದ ವರ ಅವನೇ. ಜೊತೆಗೆ, ಪ್ರತಿವರ್ಷ ಯಾರ್ಯಾರ ಆತ್ಮಕ್ಕೆ ಪೂಜೆ ಹೇಳಿಸಬೇಕು ಎಂಬ ಪಟ್ಟಿ. ಅದರಲ್ಲಿ ಆ ಇಬ್ಬರು ಅಣ್ಣತಮ್ಮಂದಿರ ಹೆಸರು ಅಕ್ಕಪಕ್ಕದಲ್ಲಿದೆ.

ವೀಲುನಾಮೆಯಲ್ಲಿ ಹೆಸರಿಲ್ಲದವರು ಹುಟ್ಟಿಯೇ ಇಲ್ಲವೆಂದು ತಿಳಿಯಬಾರದು. ವರದಕ್ಷಿಣೆ ಕೊಟ್ಟು ಕಳಿಸಿದ ಹೆಣ್ಣುಮಕ್ಕಳ ಹೆಸರನ್ನು ನಾನು ನೋಡಿದ ಹಲವು ವೀಲುನಾಮೆಗಳು ಎತ್ತುವುದೇ ಇಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಅವರೆಲ್ಲ ಇದ್ದಾರೆ. ಎರಡನ್ನೂ ಎದುರುಬದುರು ಇಟ್ಟು ಓದಬೇಕು. ನಮ್ಮ ಮೂಲ ಗೋವಾದ ಬಾರ್ದೇಸ್ ಎಂದು ಹಿರಿಯರು ಹೇಳುತ್ತಿದ್ದರು. ಅದನ್ನು ವಂಶಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ, ಅಡ್ಡಹೆಸರಿನ ಹೊರತು ಬೇರೆ ಆಧಾರವಿಲ್ಲ. ಸದ್ಯ ಆ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳ ಇಗರ್ಜಿಗಳಿಗೆ ಬರೆದು, ಅವರ ಮಕ್ಕಳ ಜ್ಞಾನಪಿತರ ಹೆಸರುಗಳನ್ನು ಕೇಳುತ್ತಿದ್ದೇನೆ.