ಒಂದನೇ ತರಗತಿಗೆ ಓದು ಕಲಿಸುವುದು ಹೇಗೆ? ಕಾಗುಣಿತವನ್ನು ಹಾಡಿಸಬೇಡಿ

ಒಂದನೇ ತರಗತಿಯ ಮಕ್ಕಳು ‘ಕ ಕಾ ಕಿ ಕೀ’ ಎಂದು ಒಕ್ಕೊರಲಿನಿಂದ ಹಾಡುವುದನ್ನು ಕೇಳಿ ಹಿಗ್ಗದ ತಂದೆತಾಯಿಯರಿಲ್ಲ. ಅದೇ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ‘ಕೇ’ ಎಂಬ ಒಂದೇ ಅಕ್ಷರವನ್ನು ಬರೆದು ಓದಲು ಹೇಳಿದರೆ, ಹೆಚ್ಚಿನವರು ಬೆರಳು ಮಡಚುತ್ತ ‘ಕ’ದಿಂದ ಹಾಡನ್ನು ಮತ್ತೆ ಶುರುಮಾಡಿ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಶಿಕ್ಷಕರ ಮುಖ ನೋಡುತ್ತಾರೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರದ ಕಡೆಯ ಶಾಲೆಗಳಲ್ಲಿ ಇದನ್ನು ಪದೇ ಪದೇ ಕಂಡು ಬೇಸತ್ತು, ಹೊಸದಾಗಿ ಸೇರುವ ಅತಿಥಿ ಶಿಕ್ಷಕರಿಗೂ ಮನೆಯಲ್ಲಿ ಪಾಠ ಹೇಳಿಕೊಡುವ ಹಿರಿಯರಿಗೂ ಅನುಕೂಲವಾಗಲೆಂದು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲ ಹಂತ: ಕೂರಿಸುವುದು

ಮಲೆನಾಡಿನಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ತೋಟದ ನಡುವಿನ ಒಂಟಿ ಮನೆಯಿಂದ ಬಂದ ಮಗುವಿಗೆ ಒಂದು ಜೊತೆ ಒಣಬಟ್ಟೆಯನ್ನು ಶಾಲೆಯಲ್ಲೇ ಇಡಿಸಿ, ಕಾಲಿಗೆ ಉಂಬಳ (ಜಿಗಣೆ) ಹತ್ತಿದೆಯೇ ನೋಡಿ, ಹೆಸರು ಹಿಡಿದು ಕರೆಯಿರಿ. ಅಳು ತಾನಾಗಿ ನಿಲ್ಲುತ್ತದೆ.

ಎರಡನೆಯ ಹಂತ: ಕಿವಿ

ಅಕ್ಷರಕ್ಕಿಂತ ಮೊದಲು ಮಾತನ್ನು ಬಿಡಿಸಲು ಕಲಿಸಬೇಕು. ‘ಅ-ಡಿ-ಕೆ’ಗೆ ಮೂರು ಚಪ್ಪಾಳೆ, ‘ಮ-ಳೆ’ಗೆ ಎರಡು. ಬಳಿಕ ‘ಅಡಿಕೆ’ಯ ಮೊದಲ ಸದ್ದು ಯಾವುದು, ಕೊನೆಯದು ಯಾವುದು ಎಂದು ಕೇಳುವುದು. ಮನೆಯಲ್ಲಿ ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ ಅಥವಾ ತುಳು ಆಡುವ ಮಕ್ಕಳು ಮೊದಲು ತಮ್ಮ ಮಾತಿನಲ್ಲೇ ಹೆಸರು ಹೇಳಲಿ, ಆಮೇಲೆ ಕನ್ನಡದ ಹೆಸರನ್ನು ಜೊತೆಗಿಡಿ.

ಇಲ್ಲೊಂದು ಎಚ್ಚರಿಕೆ. ಹೆಂಚಿನ ಅಥವಾ ತಗಡಿನ ಮಾಡಿನ ಕೊಠಡಿಯಲ್ಲಿ ಮಳೆ ಜೋರಾಗಿ ಹೊಡೆಯುವಾಗ ಸದ್ದಿನ ಪಾಠವನ್ನು ಮಾಡಲೇಬಾರದು. ‘ಬೆಳೆ’ಗೂ ‘ಬೇಳೆ’ಗೂ ಇರುವ ವ್ಯತ್ಯಾಸ ಹಿಂದಿನ ಸಾಲಿಗೆ ಕೇಳಿಸುವುದೇ ಇಲ್ಲ, ಆದರೂ ಮಕ್ಕಳು ತಲೆಯಾಡಿಸುತ್ತಾರೆ. ಅಂಥ ಹೊತ್ತಿನಲ್ಲಿ ಚಿತ್ರ ಬರೆಸಿ, ಮಣ್ಣಿನ ಕೆಲಸ ಮಾಡಿಸಿ. ಮಳೆ ಹೊಳವಾದಾಗ ಕಿವಿಯ ಕೆಲಸಕ್ಕೆ ಬನ್ನಿ. ವೇಳಾಪಟ್ಟಿ ಹೇಗಿದ್ದರೂ ಮಲೆನಾಡಿನ ಜುಲೈ ತಿಂಗಳಲ್ಲಿ ಪಾಠದ ಕ್ರಮವನ್ನು ನಿರ್ಧರಿಸುವುದು ಮಾಡಿನ ಸದ್ದೇ.

ಮೂರನೆಯ ಹಂತ: ಕೈ

ತಟ್ಟೆಯಲ್ಲಿ ಮರಳು, ನೆಲದ ಮೇಲೆ ಸೀಮೆಸುಣ್ಣ, ಆಮೇಲೆ ಸ್ಲೇಟು, ಕೊನೆಗೆ ಪೆನ್ಸಿಲ್. ಅಂಗಡಿಯಲ್ಲಿ ಸಿಗುವ, ಚುಕ್ಕಿಗಳನ್ನು ಸೇರಿಸಿ ಅಕ್ಷರ ಬರೆಸುವ ಪುಸ್ತಕಗಳನ್ನು ದಯವಿಟ್ಟು ಕೊಳ್ಳಬೇಡಿ. ಮಗು ಚುಕ್ಕಿಯಿಂದ ಚುಕ್ಕಿಗೆ ಹೋಗುತ್ತದೆಯೇ ಹೊರತು ಅಕ್ಷರದ ತಿರುವನ್ನು ಗಮನಿಸುವುದಿಲ್ಲ. ಎಷ್ಟೋ ಮಕ್ಕಳು ‘ಗ’ವನ್ನು ಬಲದಿಂದ ಎಡಕ್ಕೆ ಬರೆದು ಪುಟ ತುಂಬಿಸಿರುತ್ತಾರೆ. ಬಳಪ ಜಾರುವ ಪ್ಲಾಸ್ಟಿಕ್ ಸ್ಲೇಟೂ ಬೇಡ. ಬರೆಸುವಾಗ ಅಕ್ಷರದ ನೆತ್ತಿಯ ಗೆರೆಯಾದ ತಲೆಕಟ್ಟನ್ನು ಕೊನೆಗೆ ಹಾಕಿಸುವುದನ್ನು ಮಾತ್ರ ಮರೆಯಬೇಡಿ. ಅದರ ಕಾರಣ ಮುಂದೆ ತಿಳಿಯುತ್ತದೆ.

ನಾಲ್ಕನೆಯ ಹಂತ: ಮೊದಲ ಅಕ್ಷರಗಳು

‘ಅ’ದಿಂದ ‘ಳ’ದವರೆಗೆ 49 ಅಕ್ಷರಗಳನ್ನು ಸಾಲಾಗಿ ಕಲಿಸಿದ ಮೇಲೆಯೇ ಪದಕ್ಕೆ ಹೋಗಬೇಕೆಂಬ ಹಟ ಅನೇಕ ಮನೆಗಳಲ್ಲಿ ಇನ್ನೂ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಬಳಿಕ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿ ಈ ಹಟವನ್ನು ಬಿಟ್ಟು ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ಶುರುಮಾಡುತ್ತದೆ, ಅದೇ ಸರಿ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮನೆಯವರು ಪ್ರೀತಿಯಿಂದ ಮೊದಲು ಬರೆಸುವ ‘ಅಮ್ಮ’, ‘ಅಪ್ಪ’, ‘ಅಕ್ಕ’ ಮೂರರಲ್ಲೂ ಒತ್ತಕ್ಷರವಿರುವುದರಿಂದ ಅವನ್ನು ಓದಲು ಈಗಲೇ ಅವಸರಪಡಿಸಬೇಡಿ.

ಐದನೆಯ ಹಂತ: ಕಾಗುಣಿತ

ಕೆಟ್ಟುಹೋಗುವುದು ಇಲ್ಲಿಯೇ. ಒಂದು ವ್ಯಂಜನವನ್ನು ಹಿಡಿದು ಅದರ ಎಲ್ಲ ಗುಣಿತಾಕ್ಷರಗಳನ್ನು ಒಂದೇ ಉಸಿರಿಗೆ ಹೇಳಿಸುವುದರ ಬದಲು, ಒಂದು ಗುಣಿತ ಚಿಹ್ನೆಯನ್ನು ಹಿಡಿದು ಗೊತ್ತಿರುವ ಎಲ್ಲ ಅಕ್ಷರಗಳಿಗೆ ಹಚ್ಚಬೇಕು.

ಮೊದಲು ಇಳಿ. ‘ಸ’ದ ತಲೆಕಟ್ಟನ್ನು ಬಲಕ್ಕೆ ಎಳೆದು ಇಳಿಸಿದರೆ ‘ಸಾ’. ಆಗ ದಾರ, ದಾಸ, ರಾಗ ಓದಲು ಬರುತ್ತವೆ, ನಮ್ಮ ಜಿಲ್ಲೆಯ ‘ಸಾಗರ’ವೂ ಬರುತ್ತದೆ. ಮರುವಾರ ‘ಸಿ’ಯಲ್ಲಿ ಬರುವ ಗುಡಿಸು. ಈಗ ತಲೆಕಟ್ಟು ಹೋಗಿ ಅದರ ಜಾಗದಲ್ಲಿ ಗುಡಿಸು ಕೂರುತ್ತದೆ; ತಲೆಕಟ್ಟನ್ನು ಮೊದಲೇ ಬರೆಯುವ ರೂಢಿಯಾದ ಮಗು ಎರಡನ್ನೂ ಹಾಕಿ ಅಕ್ಷರವನ್ನು ಕೆಡಿಸುವುದು ಇಲ್ಲಿಯೇ. ದಾರಿ, ರಾಗಿ, ಗರಿ, ಗಿರಿ ಓದಿಸಿ. ಆಮೇಲೆ ಕೊಂಬು: ಗುರು, ಸಾರು. ಕೊಂಬು ಬಂದರೂ ತಲೆಕಟ್ಟು ಉಳಿಯುತ್ತದೆ ಎಂಬುದನ್ನು ಬಾಯಲ್ಲಿ ಹೇಳದೆ, ಅಕ್ಷರದ ಮೇಲೆ ಮಗುವಿನ ಬೆರಳನ್ನು ಆಡಿಸಿ ತೋರಿಸಿ.

ಕೊಂಬಿನಲ್ಲಿ ಒಂದು ಗುಂಡಿ ಇದೆ. ‘ಪು’, ‘ವು’ ಎರಡರಲ್ಲಿ ಕೊಂಬು ಪಕ್ಕಕ್ಕೆ ನಿಲ್ಲದೆ ಕೆಳಕ್ಕೆ ಇಳಿಯುತ್ತದೆ. ‘ಮ’ ಎಂಬ ಅಕ್ಷರವೋ, ‘ವ’ಕ್ಕೆ ಪಕ್ಕದಲ್ಲಿ ಕೊಂಬು ಕೊಟ್ಟಂತೆಯೇ ಕಾಣುತ್ತದೆ. ಆದ್ದರಿಂದ ‘ನಾಮ’ವನ್ನು ‘ನಾವು’ ಎಂದು ಓದುವ ಮಗು ದಡ್ಡ ಮಗುವಲ್ಲ. ನೀವು ಕಲಿಸಿದ್ದನ್ನು ಅದು ಸರಿಯಾಗಿಯೇ ಬಳಸುತ್ತಿದೆ. ಎರಡೂ ಪದಗಳನ್ನು ಒಂದರ ಕೆಳಗೊಂದು ದೊಡ್ಡದಾಗಿ ಬರೆದು, ಬಾಲ ಗೆರೆಯ ಮೇಲೆ ನಿಂತಿದೆಯೋ ಕೆಳಗೆ ಇಳಿದಿದೆಯೋ ಎಂದು ಮಗುವಿನಿಂದಲೇ ಹೇಳಿಸಿ.

ನಾಲ್ಕನೆಯದು ‘ಕೆ’ಯಲ್ಲಿ ಬರುವ ಎತ್ವ. ಅದಾದ ಮೇಲೆಯೇ ದೀರ್ಘ. ‘ಕೀ’, ‘ಕೇ’, ‘ಕೋ’ ಮೂರರಲ್ಲೂ ಬಲಗಡೆ ಬರುವ ದೀರ್ಘದ ಚಿಹ್ನೆ ಒಂದೇ. ಇದನ್ನು ಒಂದು ರಟ್ಟಿನ ತುಂಡಿನ ಮೇಲೆ ಬರೆದಿಟ್ಟುಕೊಂಡು, ‘ಬೆಳೆ’ಯ ‘ಬೆ’ ಪಕ್ಕದಲ್ಲಿ ಇಟ್ಟರೆ ‘ಬೇಳೆ’, ತೆಗೆದರೆ ‘ಬೆಳೆ’ ಎಂದು ಆಡಿಸಿ ತೋರಿಸಬಹುದು. ಹಾಡಿಸುವವರು ಈ ಅನುಕೂಲವನ್ನೇ ಕಳೆದುಕೊಳ್ಳುತ್ತಾರೆ.

ಒತ್ವಕ್ಕೆ ಎರಡು ವಾರ ಕೊಡಿ. ‘ಹೊ’ದಲ್ಲಿ ತಲೆಯ ಮೇಲೆ ಎತ್ವ, ಪಕ್ಕದಲ್ಲಿ ಕೊಂಬಿನ ಇಳಿ (‘ಹೂ’ದಲ್ಲಿ ಬರುವ ಚಿಹ್ನೆ) ಎರಡೂ ಇರುವುದರಿಂದ, ಒಂದೊಂದೇ ಚಿಹ್ನೆ ಕಲಿತ ಮಗು ಅದನ್ನು ‘ಹೆ-ಊ’ ಎಂದು ಬಿಡಿಸಲು ನೋಡುತ್ತದೆ. ಇಲ್ಲಿ ಹಳೆ, ಹಾಳೆ, ಹೊಳೆ ಎಂಬ ಮೂರು ಪದಗಳಿಗಿಂತ ಒಳ್ಳೆಯ ಸಾಧನ ಮಲೆನಾಡಿನ ಶಾಲೆಗೆ ಬೇರೆ ಇಲ್ಲ. ಮೂರು ಚೀಟಿಗಳನ್ನು ನೆಲದ ಮೇಲಿಡಿ. ನೀವು ಹೇಳಿದ್ದನ್ನು ಮಗು ಎತ್ತಲಿ. ಬಳಿಕ ಮಗು ಹೇಳಲಿ, ನೀವು ಎತ್ತಿ; ನಡುವೆ ಬೇಕೆಂದೇ ತಪ್ಪು ಚೀಟಿ ಎತ್ತಿ. ‘ಅದು ಹೊಳೆ ಅಲ್ಲ ಟೀಚರ್, ಹಾಳೆ’ ಎಂದು ಮಗು ತಡೆದ ದಿನ ಆ ಚಿಹ್ನೆ ಕಲಿತಂತೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೊಂದನ್ನು ತರಿಸಿ ಅದರ ಮೇಲೆ ಇದ್ದಿಲಿನಿಂದ ಆ ಪದವನ್ನು ಬರೆಸಿದರೆ ಇನ್ನೂ ಒಳ್ಳೆಯದು.

‘ಕೃ’, ‘ಕೈ’, ‘ಕೌ’ಗಳಲ್ಲಿ ಬರುವ ವಟ್ರಸುಳಿ, ಐತ್ವ, ಔತ್ವಗಳನ್ನು ಕೊನೆಗೆ ಮುಗಿಸಿ. ಮಳೆಯ ರಜೆಯಿಂದ ಮರಳಿದ ದಿನ ಹೊಸ ಚಿಹ್ನೆ ಬೇಡ, ಹಿಂದಿನದನ್ನೇ ಮತ್ತೆ ಆಡಿಸಿ. ಮೊಬೈಲಿನಲ್ಲಿ ಕಾಗುಣಿತ ಹಾಡುವ ವಿಡಿಯೊಗಳು ಮಗುವನ್ನು ಸುಮ್ಮನೆ ಕೂರಿಸುತ್ತವೆ, ಅಷ್ಟೇ. ಪರದೆಯ ಅಕ್ಷರವನ್ನು ನೋಡದೆಯೂ ಅವುಗಳ ಜೊತೆ ಹಾಡಬಹುದು.

ಆರನೆಯ ಹಂತ: ಉಳಿದವು

ಖ, ಘ ಮೊದಲಾದ ಮಹಾಪ್ರಾಣಗಳಿಗೆ ಅವಸರವಿಲ್ಲ.

ಒತ್ತಕ್ಷರಕ್ಕೆ ತಾಲ್ಲೂಕುಗಳ ಹೆಸರನ್ನೇ ಹಿಡಿಯಿರಿ. ಸಾಗರ, ಸೊರಬ, ಹೊಸನಗರ, ಶಿಕಾರಿಪುರ ಎಂಬ ನಾಲ್ಕರಲ್ಲಿ ಒತ್ತಕ್ಷರವೇ ಇಲ್ಲ. ಕಾಗುಣಿತ ಮುಗಿಸಿದ ಮಗು ಇವನ್ನು ಬಸ್ಸಿನ ಬೋರ್ಡಿನಲ್ಲಿ ಓದಬೇಕು. ಬಳಿಕ ಒಂದೇ ಅಕ್ಷರಕ್ಕೆ ಅದರದೇ ಒತ್ತು ಬರುವ ‘ಶಿವಮೊಗ್ಗ’, ಆಮೇಲೆ ಬೇರೆ ಅಕ್ಷರದ ಒತ್ತು ಬರುವ ‘ಭದ್ರಾವತಿ’. ಅರ್ಕಾವೊತ್ತಿನ (‘ರ್’ ಸದ್ದಿನ ‘ರ್ಥ’ದಂಥ ಚಿಹ್ನೆಯ) ಜೊತೆಗೆ ಮಹಾಪ್ರಾಣವನ್ನೂ ಹೊತ್ತಿರುವ ‘ತೀರ್ಥಹಳ್ಳಿ’ ಎಲ್ಲಕ್ಕಿಂತ ಕೊನೆಗೆ ಬರಲಿ, ಆ ಊರಿನ ಮಕ್ಕಳಿಗೂ ಕೂಡ. ಖಾಸಗಿ ಬಸ್ಸುಗಳ ಗಾಜಿನ ಮೇಲೆ ಓರೆಯಾಗಿ, ಬಾಲ ಎಳೆದು ಬರೆದ ಹೆಸರುಗಳನ್ನು ಈ ವರ್ಷ ಓದಿಸಬೇಡಿ. ಅಲ್ಲಿ ಕೊಂಬು ಯಾವುದು, ಒತ್ತು ಯಾವುದು ಎಂದು ದೊಡ್ಡವರಿಗೇ ತಿಳಿಯುವುದಿಲ್ಲ.